ಬ್ರೋಷರ್‌ನಲ್ಲಿ ಇಲ್ಲದ ಶಾಲೆ

ಬೆಂಗಳೂರಿನ ಹೊರವಲಯದಲ್ಲಿ ಫ್ಲ್ಯಾಟ್ ಮಾರುವ ಯಾವ ಬಿಲ್ಡರ್‌ನ ಬ್ರೋಷರ್ ಬೇಕಾದರೂ ತೆಗೆದು ನೋಡಿ. ಕೊನೆಯ ಪುಟದಲ್ಲಿ ಒಂದು ನಕ್ಷೆ ಇರುತ್ತೆ. ರಿಂಗ್ ರೋಡಿಗೆ ಇಷ್ಟು ನಿಮಿಷ, ಟೆಕ್ ಪಾರ್ಕಿಗೆ ಇಷ್ಟು ನಿಮಿಷ, ಮಾಲ್, ಆಸ್ಪತ್ರೆ, ಇಂದಲ್ಲ ನಾಳೆ ಬರಲಿರುವ ಮೆಟ್ರೋ. ಅದರ ಕೆಳಗೆ ‘ಸಮೀಪದ ಶಾಲೆಗಳು’ ಅಂತ ನಾಲ್ಕೈದು ಹೆಸರು. ಒಂದು ಇಂಟರ್‌ನ್ಯಾಷನಲ್, ಒಂದು ಗ್ಲೋಬಲ್, ಒಂದು ಅಕಾಡೆಮಿ, ಒಂದು ‘ವರ್ಲ್ಡ್’. ನಿಜವಾಗಿ ಅತ್ಯಂತ ಸಮೀಪದಲ್ಲಿರುವ ಶಾಲೆ ಮಾತ್ರ ಆ ಪಟ್ಟಿಯಲ್ಲಿ ಇರೋದಿಲ್ಲ.

ಅದು ಅಪಾರ್ಟ್‌ಮೆಂಟಿಗಿಂತ ಹಳೆಯದು, ಅಪಾರ್ಟ್‌ಮೆಂಟಿಗೆ ಹೋಗುವ ಟಾರು ರಸ್ತೆಗಿಂತ ಹಳೆಯದು. ಅಶ್ವತ್ಥಕಟ್ಟೆಯ ಹತ್ತಿರವೋ ಹಾಲಿನ ಡೇರಿಯ ಎದುರೋ ಇರುತ್ತೆ. ಬೋರ್ಡಿನ ಮೇಲೆ ‘ಸ.ಕಿ.ಪ್ರಾ. ಶಾಲೆ’ ಅಂತ ಇದ್ದರೆ ಕಿರಿಯ ಪ್ರಾಥಮಿಕ, ‘ಸ.ಹಿ.ಪ್ರಾ. ಶಾಲೆ’ ಅಂತ ಇದ್ದರೆ ಹಿರಿಯ ಪ್ರಾಥಮಿಕ. 2007ರಲ್ಲಿ ಬಿಬಿಎಂಪಿ ಹುಟ್ಟಿದಾಗ 110 ಹಳ್ಳಿಗಳು ಒಟ್ಟಿಗೆ ನಗರದ ಹೊಟ್ಟೆಯೊಳಗೆ ಬಂದವು. ಅದರಾಚೆಗಿನ ಹಳ್ಳಿಗಳನ್ನು ನಗರ ಈಗಲೂ ನುಂಗುತ್ತಲೇ ಇದೆ. ರಾಗಿ ಹೊಲ ಹೋಯಿತು, ಕೆರೆಯಂಚು ಹೋಯಿತು. ಊರಿನ ಗುರುತಿಗೆ ಅಂತ ಉಳಿದಿರೋದು ಒಂದು ದೇವಸ್ಥಾನ, ಒಂದು ಶಾಲೆ. ದೇವಸ್ಥಾನಕ್ಕಾದರೂ ನಾವು ಹೊಸ ಕಾರು ತಗೊಂಡಾಗ ಹೋಗ್ತೀವಿ. ಶಾಲೆಯೊಳಗೆ ಕಾಲಿಡೋದು ಮಾತ್ರ ಓಟು ಹಾಕೋಕೆ.

ನನ್ನ ತಕರಾರು ಇಷ್ಟೇ. ‘ಒಳ್ಳೆ ಶಾಲೆ ಹತ್ತಿರ ಇರಬೇಕು’ ಅಂತಲೇ ನಾವು ಏರಿಯಾ ಆರಿಸ್ತೀವಿ, ಅದಕ್ಕಾಗಿಯೇ ಇಪ್ಪತ್ತು ವರ್ಷದ ಸಾಲ ಮಾಡ್ತೀವಿ. ಹಾಗೆ ಆರಿಸುವಾಗ ಮನೆ ಪಕ್ಕದ ಸಣ್ಣ ಸರ್ಕಾರಿ ಶಾಲೆಯನ್ನು ತೂಗಿ ನೋಡಿ ಬೇಡ ಅಂದವರು ಎಷ್ಟು ಜನ? ತಕ್ಕಡಿಗೇ ಹಾಕದೆ ಪಕ್ಕಕ್ಕಿಟ್ಟವರೇ ಎಲ್ಲ. ಒಂದು ಮಿಕ್ಸಿ ತಗೊಳ್ಳೋಕೆ ಮೂವತ್ತು ರಿವ್ಯೂ ಓದುವ ಜನ ನಾವು. ಮಗುವಿನ ಐದು ವರ್ಷದ ವಿಷಯದಲ್ಲಿ ಒಂದು ಗೇಟು ತೆಗೆದು ಒಳಗೆ ಇಣುಕೋದಿಲ್ಲ ಅಂದರೆ, ಅದನ್ನು ‘ಚಾಯ್ಸ್’ ಅಂತ ಕರೆಯೋದು ಹೇಗೆ?

ಇದು ಕನ್ನಡ ಉಳಿಸಿ ಲೇಖನ ಅಲ್ಲ, ಮೊದಲೇ ಹೇಳಿಬಿಡ್ತೀನಿ. ಮಗುವನ್ನು ತ್ಯಾಗ ಮಾಡಿ ಸಮಾಜ ಉದ್ಧಾರ ಮಾಡಿ ಅನ್ನುವ ಉಪದೇಶವೂ ಅಲ್ಲ. ಯಾರೂ ತಮ್ಮ ಮಗುವನ್ನು ಸಿದ್ಧಾಂತಕ್ಕೋಸ್ಕರ ಕೆಟ್ಟ ಶಾಲೆಗೆ ಹಾಕಬಾರದು. ಹತ್ತನೇ ಕ್ಲಾಸಿನವರೆಗೆ ಬಾಂಡ್ ಬರೆದುಕೊಡಿ ಅಂತಲೂ ನಾನು ಹೇಳ್ತಿಲ್ಲ. 1ರಿಂದ 5ನೇ ತರಗತಿವರೆಗಿನ ಐದು ವರ್ಷದ ಮಾತು ಇದು. ಲೆಕ್ಕ ಹಾಕಿ ನೋಡೋಣ, ಅಷ್ಟೇ.

ಮೊದಲು ಗಂಟೆಗಳ ಲೆಕ್ಕ. ಶಾಲೆಯ ಬಸ್ಸು ಹೋಗೋಕೆ 50 ನಿಮಿಷ, ಬರೋಕೆ 50 ನಿಮಿಷ ಅಂತ ಇಟ್ಟುಕೊಳ್ಳಿ. ಸರ್ಜಾಪುರ ರಸ್ತೆಯಲ್ಲೋ ಹೆಣ್ಣೂರು ಕಡೆಯೋ ಇರುವವರು ಇದನ್ನು ಓದಿ ‘ಅಷ್ಟೇನಾ?’ ಅಂತ ನಗಬಹುದು. ವರ್ಷಕ್ಕೆ 200 ದಿನ ಶಾಲೆ ಅಂದರೂ 20,000 ನಿಮಿಷ, ಅಂದರೆ 333 ಗಂಟೆ. ಶಿಕ್ಷಣ ಹಕ್ಕು ಕಾಯ್ದೆ 1ರಿಂದ 5ನೇ ತರಗತಿಗೆ ನಿಗದಿ ಮಾಡಿರುವ ಪಾಠದ ಅವಧಿ ವರ್ಷಕ್ಕೆ ಕನಿಷ್ಠ 800 ಗಂಟೆ. ಹಾಗಾದರೆ ಐದು ವರ್ಷದಲ್ಲಿ ನಿಮ್ಮ ಮಗು ಬಸ್ಸಿನಲ್ಲಿ ಕೂರುವ ಅವಧಿ 1,600 ಗಂಟೆಗೂ ಹೆಚ್ಚು. ಸರಿಯಾಗಿ ಎರಡು ವರ್ಷದ ಪಾಠದಷ್ಟು ಹೊತ್ತು ಟ್ರಾಫಿಕ್ಕಿಗೆ ಹೋಯಿತು. ಆರು ವರ್ಷದ ಮಗು ಬೆಳಿಗ್ಗೆ ಆರೂವರೆಗೆ ಕಣ್ಣುಜ್ಜಿಕೊಂಡು ಎರಡು ತುತ್ತು ಬಾಯಿಗೆ ತುರುಕಿಸಿಕೊಂಡು ಗೇಟಿನ ಹತ್ತಿರ ನಿಲ್ಲೋದನ್ನು ನಾವು ‘ಡಿಸಿಪ್ಲಿನ್’ ಅಂತ ಕರೀತೀವಿ. ಅದು ಬರೀ ದೂರ, ಡಿಸಿಪ್ಲಿನ್ ಅಲ್ಲ.

ಇನ್ನು ದುಡ್ಡಿನ ಲೆಕ್ಕ. ಫೀಸು ವರ್ಷಕ್ಕೆ ಒಂದೂವರೆ ಲಕ್ಷ, ಬಸ್ಸಿಗೆ ನಲವತ್ತು ಸಾವಿರ ಅಂತ ಉದಾಹರಣೆಗೆ ಹಿಡಿಯಿರಿ. ಎರಡು ಮಕ್ಕಳು, ಐದೈದು ವರ್ಷ: 19 ಲಕ್ಷ. ಫೀಸು ವರ್ಷ ವರ್ಷ ಏರುತ್ತೆ ಅನ್ನೋದನ್ನು ಇಲ್ಲಿ ಸೇರಿಸಿಲ್ಲ. ಡೊನೇಷನ್ನು, ಯೂನಿಫಾರ್ಮು, ಆನ್ಯುಯಲ್ ಡೇ ಡ್ರೆಸ್ಸು, ‘ಟೆಕ್ನಾಲಜಿ ಫೀ’ ಕೂಡ ಸೇರಿಸಿಲ್ಲ. ಈ 19 ಲಕ್ಷ ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರು ಎರಡು ವರ್ಷ ಅರ್ಧ ದಿನ ಕೆಲಸ ಮಾಡಿ ಸಂಜೆ ಮಕ್ಕಳ ಜೊತೆ ಇರೋಕೆ ಸಾಕಾಗಬಹುದು. ಸಾಲದ ಅವಧಿಯನ್ನು ಕೆಲವು ವರ್ಷ ಕಡಿಮೆ ಮಾಡಬಹುದು. ಇದೇ ದುಡ್ಡು ಆ ಮಕ್ಕಳ ಡಿಗ್ರಿ ಓದಿಗೆ ಅಂತ ಬ್ಯಾಂಕಿನಲ್ಲಿ ಬೆಳೆಯಲೂಬಹುದು. ಅದು ಬಿಟ್ಟು, ಎ ಫಾರ್ ಆ್ಯಪಲ್ ಕಲಿಸೋಕೆ ಖರ್ಚು ಮಾಡಿ, ಆಮೇಲೆ ಇಂಜಿನಿಯರಿಂಗ್ ಸೀಟಿಗೆ ಪರ್ಸನಲ್ ಲೋನ್ ತೆಗೀತೀವಿ.

ಈಗಾಗಲೇ ಕೊಟ್ಟಿರುವ ದುಡ್ಡಿನ ಮಾತೂ ಇದೆ. ನಿಮ್ಮ ಫಾರ್ಮ್ 16 ತೆಗೆದು ನೋಡಿ. ತೆರಿಗೆಯ ಮೇಲೆ ಶೇ. 4ರಷ್ಟು ‘ಆರೋಗ್ಯ ಮತ್ತು ಶಿಕ್ಷಣ ಸೆಸ್’ ಇರುತ್ತೆ. 2004ರಲ್ಲಿ ಶೇ. 2ರಿಂದ ಶುರುವಾದ ಶಿಕ್ಷಣ ಸೆಸ್ಸು ಬೆಳೆದು 2018ರಲ್ಲಿ ಈ ರೂಪಕ್ಕೆ ಬಂತು. ಸರ್ಕಾರಿ ಶಾಲೆಯ ಫೀಸನ್ನು ಪ್ರತಿ ತಿಂಗಳು ಸಂಬಳದಿಂದ ಹಿಡಿಸಿಕೊಳ್ತಾ ಇರುವವರು ನೀವೇ. ದುಡ್ಡು ಕಟ್ಟಿದ ಜಿಮ್ಮಿಗೆ ಹೋಗದೆ ಇರೋದು ನಮಗೇನು ಹೊಸತಲ್ಲ, ಬಿಡಿ.

‘ಸರ್ಕಾರಿ ಶಾಲೆ’ ಅಂದ ಕೂಡಲೇ ಮುಖ ಸಿಂಡರಿಸುವ ನಮ್ಮದೇ ಜನ ಅಮೆರಿಕಕ್ಕೆ ಹೋದಾಗ ಏನು ಮಾಡ್ತಾರೆ ಗಮನಿಸಿದ್ದೀರಾ? ಪ್ಲೇನೋ, ಎಡಿಸನ್, ಕ್ಯುಪರ್ಟಿನೋ, ಯಾವ ಊರೇ ಆಗಲಿ, ಮನೆ ಹುಡುಕುವ ಮುಂಚೆ ಕೇಳುವ ಪ್ರಶ್ನೆ ‘ಸ್ಕೂಲ್ ಡಿಸ್ಟ್ರಿಕ್ಟ್ ಹೇಗಿದೆ?’ ಆ ಡಿಸ್ಟ್ರಿಕ್ಟ್ ಅಂದರೆ ಸರ್ಕಾರಿ ಶಾಲೆಗಳ ಸಮೂಹ. ಹಳದಿ ಬಸ್ಸಿನಲ್ಲಿ ಮಗು ಹೋಗೋದು ತೆರಿಗೆ ದುಡ್ಡಿನ, ಫೀಸಿಲ್ಲದ ಶಾಲೆಗೆ. ಅದರ ಫೋಟೋವನ್ನು ಹೆಮ್ಮೆಯಿಂದ ಫ್ಯಾಮಿಲಿ ಗ್ರೂಪಿಗೆ ಹಾಕ್ತಾರೆ. ಅದೇ ಕುಟುಂಬ ವಾಪಸು ಬಂದು ವೈಟ್‌ಫೀಲ್ಡಿನಲ್ಲಿ ಇಳಿದ ದಿನದಿಂದ ‘ಐಬಿ ಸಿಗುತ್ತಾ, ಐಜಿಸಿಎಸ್‌ಇ ಸಿಗುತ್ತಾ’ ಅಂತ ಓಡಾಡುತ್ತೆ. ತತ್ವವಾಗಿ ನಮಗೆ ಸರ್ಕಾರಿ ಶಾಲೆ ಬಗ್ಗೆ ತಕರಾರೇ ಇಲ್ಲ ಅಂತಾಯಿತು. ಡಾಲರ್ ಇರುವ ಕಡೆ ಅದು ‘ಪಬ್ಲಿಕ್ ಸ್ಕೂಲ್’, ರೂಪಾಯಿ ಇರುವ ಕಡೆ ‘ಗೌರ್ಮೆಂಟ್ ಶಾಲೆ’. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಇದಕ್ಕೇ.

ಅಲ್ಲಿನ ವ್ಯವಸ್ಥೆ ಪುಣ್ಯಕ್ಷೇತ್ರ ಅಂತ ನಾನು ಹೇಳ್ತಿಲ್ಲ. ಅಲ್ಲಿ ಶಾಲೆಯ ದುಡ್ಡಿನ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತೆ. ಶ್ರೀಮಂತರ ಬಡಾವಣೆಗೆ ಒಳ್ಳೆಯ ಶಾಲೆ, ಬಡವರ ಬಡಾವಣೆಗೆ ಸೊರಗಿದ ಶಾಲೆ. ಇದು ಅನ್ಯಾಯ ಅಂತ ಟೆಕ್ಸಾಸಿನ ಪೋಷಕರು ಹೂಡಿದ ದಾವೆ ಸುಪ್ರೀಂ ಕೋರ್ಟಿಗೆ ಹೋಗಿ, 1973ರಲ್ಲಿ 5–4ರ ತೀರ್ಪಿನಲ್ಲಿ ಸೋತಿತು. ಶಾಲೆಯ ಫೀಸನ್ನು ಮನೆಯ ಬೆಲೆಯೊಳಗೆ ಅಡಗಿಸಿಟ್ಟ ಹಾಗೆ ಅದು. ಆದರೂ ಕಲಿಯಬೇಕಾದ ಪಾಠ ಒಂದಿದೆ. ಆ ಶಾಲೆಗಳು ಚೆನ್ನಾಗಿರೋದಕ್ಕೆ ದುಡ್ಡಿನ ಜೊತೆಗೆ ಇನ್ನೊಂದು ಕಾರಣ, ಬೀದಿಯ ಇಂಜಿನಿಯರ್, ಡಾಕ್ಟರ್, ಲಾಯರ್ ಎಲ್ಲರ ಮಕ್ಕಳೂ ಅಲ್ಲೇ ಓದೋದು. ಗಣಿತದ ಟೀಚರ್ ಮೂರು ತಿಂಗಳು ಇಲ್ಲ ಅಂದರೆ ಸ್ಕೂಲ್ ಬೋರ್ಡಿನ ಸಭೆಯಲ್ಲಿ ಗಲಾಟೆ ಆಗುತ್ತೆ. ಇಲ್ಲಿ ಗಣಿತದ ಟೀಚರ್ ಮೂರು ವರ್ಷ ಇಲ್ಲ ಅಂದರೂ ಗಲಾಟೆ ಮಾಡಬಲ್ಲವರ ಮಕ್ಕಳು ಬೇರೆಲ್ಲೋ ಇದ್ದಾರೆ.

ಈಗ ‘ಸಣ್ಣ’ ಅನ್ನುವ ಮಾತಿಗೆ ಬರೋಣ. ನಲವತ್ತು, ಐವತ್ತು, ಎಂಬತ್ತು ಮಕ್ಕಳ ಶಾಲೆ ಅಂದ ಕೂಡಲೇ ನಮಗೆ ಅದು ಸಾಯ್ತಾ ಇರುವ ಶಾಲೆ ಅನ್ನಿಸುತ್ತೆ. ಸಣ್ಣದಾಗಿರೋದು ಬಡತನದ ಗುರುತು ಅಂತ ನಂಬಿದ್ದೀವಿ. ಅದೇ ನಾವು, ಯಾವುದೋ ‘ಆಲ್ಟರ್ನೇಟಿವ್ ಸ್ಕೂಲ್’ ತರಗತಿಗೆ ಹದಿನೆಂಟೇ ಮಕ್ಕಳು ಅಂತ ಜಾಹೀರಾತು ಕೊಟ್ಟರೆ ಡಬಲ್ ಫೀಸು ಕಟ್ಟೋಕೆ ಕ್ಯೂ ನಿಲ್ತೀವಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು, 90ರವರೆಗೆ ಮೂವರು ಇರಬೇಕು. ಹೆಚ್ಚೆಂದರೆ ಮೂವತ್ತು ಮಕ್ಕಳಿಗೆ ಒಬ್ಬರು. ಸಿಬಿಎಸ್‌ಇ ಶಾಲೆಯ ಒಂದು ಸೆಕ್ಷನ್ನಿಗೆ ಸಾಮಾನ್ಯ ಮಿತಿಯೇ 40. ಐವತ್ತು ಮಕ್ಕಳ ಶಾಲೆಯಲ್ಲಿ ನಿಮ್ಮ ಮಗುವಿನ ಹೆಸರು ಮೇಷ್ಟ್ರಿಗೂ ಗೊತ್ತು, ಅಡುಗೆಯವರಿಗೂ ಗೊತ್ತು, ಎದುರಿನ ಅಂಗಡಿ ಅಜ್ಜನಿಗೂ ಗೊತ್ತು. ಎರಡು ಸಾವಿರ ಮಕ್ಕಳ ಶಾಲೆಯಲ್ಲಿ ಅದು ಅಡ್ಮಿಷನ್ ನಂಬರು.

‘ಒಂದೇ ಕೋಣೆಯಲ್ಲಿ ಮೂರು ಕ್ಲಾಸು ಕೂರಿಸ್ತಾರಂತೆ’ ಅಂತ ಒಂದು ದೂರು ಇದೆ. ಹೌದು, ಕೂರಿಸ್ತಾರೆ. ಅದರ ಹೆಸರು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ರಿಷಿ ವ್ಯಾಲಿಯ ಪ್ರಯೋಗ ನೋಡಿ ಬಂದ ನಮ್ಮದೇ ಸರ್ಕಾರಿ ಮೇಷ್ಟ್ರುಗಳು ಕಟ್ಟಿದ ಪದ್ಧತಿ ಅದು. 2009ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೂ ಹೋಯಿತು. ಮಕ್ಕಳು ಸಾಲಾಗಿ ಕೂರದೆ ಗುಂಪಾಗಿ ಕೂರ್ತಾರೆ. ಕಲಿಕಾ ಏಣಿ ಅಂತ ಒಂದಿರುತ್ತೆ, ಪ್ರತಿ ಮಗುವೂ ತನ್ನ ವೇಗದಲ್ಲಿ ಕಾರ್ಡುಗಳನ್ನು ಮುಗಿಸಿಕೊಂಡು ಮೆಟ್ಟಿಲು ಹತ್ತುತ್ತೆ. ಮಕ್ಕಳ ಕೈಗೆಟಕುವ ಎತ್ತರದಲ್ಲಿ ಗೋಡೆಗೆ ಕಪ್ಪುಹಲಗೆ. ಮೇಲೆ ದಾರ ಕಟ್ಟಿ ಅವರು ಮಾಡಿದ ಚಿತ್ರ, ಕಾಗದದ ಗೊಂಬೆ ನೇತುಹಾಕುವ ಚಪ್ಪರ. ಒಂದು ವಾರ ಜ್ವರ ಬಂದು ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಶುರು ಮಾಡುತ್ತೆ. ಇದನ್ನೇ ‘ಸೆಲ್ಫ್ ಪೇಸ್ಡ್, ಮಿಕ್ಸ್ಡ್ ಏಜ್ ಲರ್ನಿಂಗ್’ ಅಂತ ಇಂಗ್ಲಿಷಿನಲ್ಲಿ ಹೇಳಿ, ಮರದ ಆಟಿಕೆ ಜೋಡಿಸಿಟ್ಟರೆ ಅದು ಮಾಂಟೆಸರಿ. ಎಲ್ಲ ಕಡೆ ನಲಿ-ಕಲಿ ಚೆನ್ನಾಗಿ ನಡೀತಿದೆ ಅಂತಲ್ಲ. ಉತ್ಸಾಹ ಕಳೆದುಕೊಂಡ ಕಡೆ ಕಾರ್ಡುಗಳು ಧೂಳು ತಿನ್ನುತ್ತಿರುತ್ತವೆ. ಆದರೆ ಯಾವ ಶಾಲೆಯಲ್ಲಿ ಹೇಗಿದೆ ಅನ್ನೋದು ಒಳಗೆ ಹೋಗಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತೆ.

ಸರಿ, ಈಗ ಹುಳುಕಿನ ಮಾತು. ಅದನ್ನು ಹೇಳದಿದ್ದರೆ ನಾನೂ ಒಂದು ಬ್ರೋಷರ್ ಬರೆದ ಹಾಗಾಗುತ್ತೆ.

ಕಾಯ್ದೆಯಲ್ಲಿ ಇಬ್ಬರು ಶಿಕ್ಷಕರು ಅಂತ ಇದ್ದರೂ ಹುದ್ದೆ ಖಾಲಿ ಇರಬಹುದು. ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರನ್ನು ತಗೊಳ್ತಾರೆ, ಅವರ ಗೌರವಧನ ನಿಮ್ಮ ಮಗುವಿನ ಸ್ವಿಮ್ಮಿಂಗ್ ಕೋಚಿಂಗ್ ಫೀಸಿನ ಜೊತೆ ಹೋಲಿಸುವಷ್ಟೇ ಇರುತ್ತೆ. ಇಬ್ಬರಲ್ಲಿ ಒಬ್ಬರು ತರಬೇತಿಗೆ ಹೋದರೆ ಉಳಿದವರು ಒಬ್ಬರೇ. ಆ ಒಬ್ಬರಿಗೆ ಪಾಠದ ಜೊತೆ ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಮೊಟ್ಟೆಯ ಲೆಕ್ಕ, ಎಸ್‌ಎಟಿಎಸ್‌ನಲ್ಲಿ ಮಕ್ಕಳ ಮಾಹಿತಿ ಎಂಟ್ರಿ. ಚುನಾವಣೆ ಬಂದರೆ ಬೂತು, ಗಣತಿ ಬಂದರೆ ಮನೆ ಮನೆ ಸುತ್ತೋದು. ಶೌಚಾಲಯ ಇರುತ್ತೆ, ತೊಳೆಯೋಕೆ ಆಳಿರೋದಿಲ್ಲ. ಓದಿನ ಮಟ್ಟದ ಬಗ್ಗೆ ಅಸರ್ ಸಮೀಕ್ಷೆ ವರ್ಷಗಳಿಂದ ಒಂದೇ ಮಾತು ಹೇಳ್ತಾ ಇದೆ. ದೇಶದ ಗ್ರಾಮೀಣ ಭಾಗದಲ್ಲಿ ಐದನೇ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಎರಡನೇ ತರಗತಿಯ ಪಾಠವನ್ನು ಸರಾಗವಾಗಿ ಓದಲಾರರು. ಇದು ಸಣ್ಣ ಮಾತಲ್ಲ.

ಆದರೆ ಆ ಓದಿನ ಅಂತರ ಶಾಲೆಯದ್ದೋ ಮನೆಯದ್ದೋ ಅನ್ನೋದನ್ನು ಬಿಡಿಸಿ ನೋಡಬೇಕು. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಫಲಿತಾಂಶ ಪ್ರಕಟವಾಗಿದ್ದು 2015ರಲ್ಲಿ. ಸರ್ಕಾರಿ ಶಾಲೆಯ ಕೆಲವು ಮಕ್ಕಳಿಗೆ ಲಾಟರಿ ಎತ್ತಿ, ಖಾಸಗಿ ಶಾಲೆಗೆ ಹೋಗೋಕೆ ದುಡ್ಡು ಕೊಟ್ಟರು. ನಾಲ್ಕು ವರ್ಷದ ನಂತರ ನೋಡಿದರೆ ತೆಲುಗಿನಲ್ಲಿ, ಗಣಿತದಲ್ಲಿ ಎರಡೂ ಗುಂಪಿನ ಮಕ್ಕಳ ಮಟ್ಟ ಒಂದೇ. ಹಿಂದಿಯಲ್ಲಿ ಮಾತ್ರ ಖಾಸಗಿಗೆ ಹೋದವರು ಮುಂದು. ಪ್ರಾಮಾಣಿಕವಾಗಿ ಹೇಳೋದಾದರೆ ಆ ಖಾಸಗಿ ಶಾಲೆಗಳು ಕಡಿಮೆ ಫೀಸಿನವು, ನಿಮ್ಮ ಗ್ಲೋಬಲ್ ಶಾಲೆಗಳಲ್ಲ. ಸರ್ಕಾರಿ ಶಾಲೆಗಿಂತ ತೀರಾ ಕಡಿಮೆ ಖರ್ಚಿನಲ್ಲಿ ಅವು ಅಷ್ಟು ಸಾಧಿಸಿದ್ದವು ಅನ್ನೋದೂ ನಿಜ. ಆದರೂ ‘ಖಾಸಗಿ ಅಂದರೆ ಒಳ್ಳೇದು’ ಅನ್ನುವ ಗಾದೆಯ ಗಾಳಿ ಅಲ್ಲಿ ಇಳಿದುಹೋಯಿತು. ರಾತ್ರಿ ಕಥೆ ಓದಿ ಹೇಳುವ ಅಪ್ಪ, ಲೆಕ್ಕ ತಪ್ಪಿದರೆ ತಿದ್ದುವ ಅಮ್ಮ, ಪುಸ್ತಕ ತುಂಬಿದ ಕಪಾಟು ನಿಮ್ಮ ಮನೆಯಲ್ಲಿವೆ. ಆ ಬಂಡವಾಳದಿಂದ ಮಗು ಗೆದ್ದಾಗ ಅದರ ಹೆಗ್ಗಳಿಕೆಯನ್ನು ಶಾಲೆಯ ಫ್ಲೆಕ್ಸ್ ಬೋರ್ಡಿಗೆ ಯಾಕೆ ಬರೆದುಕೊಡ್ತೀರಿ?

‘ಇಂಗ್ಲಿಷು?’ ಇದೊಂದು ಪ್ರಶ್ನೆ ಬಂದೇ ಬರುತ್ತೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. 2019ರಲ್ಲಿ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಶುರುವಾದವು. ಅದು ಸಾಕೇ ಅಂದರೆ, ಎಲ್ಲ ಕಡೆ ಸಾಲದು. ಆದರೆ ನಿಮ್ಮ ಮನೆಯ ಮಗುವಿಗೆ ಇಂಗ್ಲಿಷ್ ಬರೋದು ಶಾಲೆಯಿಂದ ಮಾತ್ರವೇ? ಟಿವಿ, ಫೋನು, ಲಿಫ್ಟು, ಪಾರ್ಕು, ಬರ್ತ್‌ಡೇ ಪಾರ್ಟಿ, ನಿಮ್ಮಿಬ್ಬರ ಆಫೀಸ್ ಕಾಲು, ಎಲ್ಲ ಇಂಗ್ಲಿಷೇ. ನಿಮ್ಮ ಏರಿಯಾದಲ್ಲಿ ಮಗುವಿಗೆ ಬಾರದೇ ಹೋಗುವ ಅಪಾಯ ಇರುವ ಭಾಷೆ ಬೇರೆ. ಊರಿಗೆ ಹೋದಾಗ ಅಜ್ಜಿ ಹೇಳಿದ್ದನ್ನು ಅಮ್ಮ ಟ್ರಾನ್ಸ್‌ಲೇಟ್ ಮಾಡಬೇಕಾದ ಮಕ್ಕಳು ಈಗಾಗಲೇ ಎಷ್ಟೋ ಮನೆಯಲ್ಲಿದ್ದಾರೆ. ಅದಕ್ಕೆ ಪರಿಹಾರ ಅಂತ ಭಾನುವಾರದ ಕನ್ನಡ ಕ್ಲಾಸಿಗೆ ಮತ್ತೆ ಫೀಸು ಕಟ್ತೀವಿ.

ಇಷ್ಟೆಲ್ಲ ಮಾತಾಡಿದರೂ ನಿಜವಾದ ಕಾರಣ ಇನ್ನೂ ಹೊರಗೆ ಬಂದಿಲ್ಲ. ಅದು ಟೀಚರೂ ಅಲ್ಲ, ಟಾಯ್ಲೆಟ್ಟೂ ಅಲ್ಲ, ಇಂಗ್ಲಿಷೂ ಅಲ್ಲ. ಅದನ್ನು ನಾವು ‘ಸ್ಟ್ಯಾಂಡರ್ಡ್’ ಅಂತೀವಿ, ‘ಕ್ರೌಡ್’ ಅಂತೀವಿ, ‘ಎನ್ವಿರಾನ್‌ಮೆಂಟ್’ ಅಂತೀವಿ. ಬಿಚ್ಚಿ ಹೇಳಿದರೆ, ಆ ಶಾಲೆಯಲ್ಲಿ ಯಾರ ಮಕ್ಕಳು ಓದ್ತಾರೋ ಅವರ ಪಕ್ಕ ನಮ್ಮ ಮಗು ಕೂರಬಾರದು. ಯಾರು ಆ ಮಕ್ಕಳು? ನಿಮ್ಮ ಮನೆಯಲ್ಲಿ ಚಪಾತಿ ಲಟ್ಟಿಸುವ ಅಕ್ಕನ ಮಗಳು. ಬೆಳಿಗ್ಗೆ ನಿಮಗೆ ಸೆಲ್ಯೂಟ್ ಹೊಡೆಯುವ ಸೆಕ್ಯುರಿಟಿಯವರ ಮಗ. ನೀವಿರುವ ಟವರನ್ನೇ ಕಟ್ಟೋಕೆ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದವರ ಮಕ್ಕಳು. ಆಕೆ ಮಾಡಿದ ಅನ್ನ ಉಣ್ಣಬಹುದು, ಆತನ ಕೈಗೆ ಕಾರಿನ ಕೀಲಿ ಕೊಡಬಹುದು, ಆತ ಕಟ್ಟಿದ ಗೋಡೆಯೊಳಗೆ ನಿಶ್ಚಿಂತೆಯಿಂದ ಮಲಗಬಹುದು. ಒಂದೇ ಬೆಂಚು ಮಾತ್ರ ಬೇಡ. ನಮ್ಮ ಅಜ್ಜಂದಿರು ಇಂಥದ್ದನ್ನು ಮಡಿ ಅಂತಿದ್ದರು. ನಮಗೆ ಅವರಷ್ಟು ನೇರವಾಗಿ ಹೇಳುವ ಧೈರ್ಯ ಇಲ್ಲ, ಅದಕ್ಕೇ ಇಂಗ್ಲಿಷ್ ಪದ ಬೇಕಾಗಿದೆ.

ಇದರಲ್ಲಿ ಸರ್ಕಾರದ ಪಾಲೂ ಇದೆ. ಖಾಸಗಿ ಶಾಲೆಗಳ ಶೇ. 25ರಷ್ಟು ಸೀಟು ಬಡ ಮಕ್ಕಳಿಗೆ ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳಿತು. ಕರ್ನಾಟಕ 2019ರಿಂದ ನಿಯಮ ಬದಲಿಸಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ. ಕೊಟ್ಟ ಕಾರಣ, ಸರ್ಕಾರಿ ಶಾಲೆಗಳು ಖಾಲಿಯಾಗುತ್ತಿವೆ, ಅವನ್ನು ಉಳಿಸಬೇಕು ಅನ್ನೋದು. ಅಂದರೆ ‘ನಿನ್ನ ಪಕ್ಕದ ಸರ್ಕಾರಿ ಶಾಲೆ ಸಾಕು’ ಅಂತ ಬಡವರಿಗೆ ಹೇಳಿದ್ದಾಯಿತು. ಉಳ್ಳವರಿಗೆ ಹಾಗೆ ಯಾರೂ ಹೇಳಲಿಲ್ಲ, ನಾವೂ ಹೇಳಿಸಿಕೊಳ್ಳಲಿಲ್ಲ. ಸರ್ಕಾರಿ ಶಾಲೆ ಉಳಿಸುವ ಹೊಣೆ ಬಿದ್ದಿದ್ದು, ಅದನ್ನು ಉಳಿಸುವ ಶಕ್ತಿ ಎಲ್ಲರಿಗಿಂತ ಕಡಿಮೆ ಇದ್ದವರ ತಲೆ ಮೇಲೆ.

‘ಮೊದಲು ಮಂತ್ರಿಗಳ ಮಕ್ಕಳನ್ನು ಸೇರಿಸಲಿ ಸ್ವಾಮಿ, ಆಮೇಲೆ ನಾವು’ ಅನ್ನೋರು ಇದ್ದಾರೆ. ನ್ಯಾಯವಾದ ಮಾತೇ. 1964–66ರ ಕೊಠಾರಿ ಆಯೋಗ ಆಗಲೇ ನೆರೆಹೊರೆಯ ಸಮಾನ ಶಾಲೆ ಆಗಬೇಕು, ಎಲ್ಲರ ಮಕ್ಕಳೂ ಅಲ್ಲೇ ಓದಬೇಕು ಅಂತ ಹೇಳಿತ್ತು. ಅಲಹಾಬಾದ್ ಹೈಕೋರ್ಟ್ 2015ರಲ್ಲಿ ಸರ್ಕಾರಿ ನೌಕರರು, ಜನಪ್ರತಿನಿಧಿಗಳು, ನ್ಯಾಯಾಧೀಶರು ಎಲ್ಲರೂ ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸುವಂತೆ ಮಾಡಿ ಅಂತ ಉತ್ತರ ಪ್ರದೇಶ ಸರ್ಕಾರಕ್ಕೆ ಆದೇಶ ಕೊಟ್ಟಿತು. ಆದೇಶ ಕಾಗದದಲ್ಲೇ ಉಳಿಯಿತು. ಮಂತ್ರಿಗಳು ಬರೋವರೆಗೆ ಕಾಯೋದಾದರೆ ನಿಮ್ಮ ಮೊಮ್ಮಕ್ಕಳ ಮದುವೆ ಆಗಿರುತ್ತೆ. ಅಷ್ಟಕ್ಕೂ ಮಂತ್ರಿಗಳ ಮನೆ ಹೆಣ್ಣೂರಿನಲ್ಲಿ, ಚಂದಾಪುರದಲ್ಲಿ ಇಲ್ಲ. ನಿಮ್ಮ ಮನೆ ಇದೆ.

ಆ ಶಾಲೆಗೆ ಸೇರಿಸಿದ ಪೋಷಕರಿಗೆ ಕಾನೂನು ಒಂದು ಕುರ್ಚಿ ಕೊಟ್ಟಿದೆ, ಅದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಕರ್ನಾಟಕದಲ್ಲಿ 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ ಇದೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತೆ. ದುಡ್ಡು ಎಲ್ಲಿಂದ ಬಂತು, ಎಲ್ಲಿ ಹೋಯಿತು, ಶಿಕ್ಷಕರು ಬಂದರಾ, ಊಟ ಸರಿ ಇದೆಯಾ, ಮುಂದಿನ ವರ್ಷಕ್ಕೆ ಏನು ಬೇಕು, ಎಲ್ಲ ಕೇಳುವ ಅಧಿಕಾರ ಇದೆ. ನಿಮ್ಮ ಎರಡು ಲಕ್ಷದ ಶಾಲೆಯಲ್ಲಿ ಫೀಸು ಯಾಕೆ ಏರಿಸಿದಿರಿ ಅಂತ ಕೇಳಿ ನೋಡಿ. ‘ಟಿ.ಸಿ. ಬೇಕಾ?’ ಅಂತಾರೆ. ಅಲ್ಲಿ ನೀವು ಗಿರಾಕಿ, ಇಲ್ಲಿ ಪಾಲುದಾರ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಆ ಸಮಿತಿಗೆ ಹೋಗಿ ಲ್ಯಾಪ್‌ಟಾಪ್ ತೆರೆದು, ಉಳಿದವರಿಗೆ ಮಾತಾಡೋಕೆ ಬಿಡದೆ, ನಮ್ಮ ಆಫೀಸಿನ ರಿವ್ಯೂ ಮೀಟಿಂಗ್ ಮಾಡೋಕೆ ಹೋಗಬೇಡಿ. ಎಷ್ಟೋ ವರ್ಷದಿಂದ ಆ ಶಾಲೆಯನ್ನು ಉಳಿಸಿಕೊಂಡು ಬಂದಿರೋದು ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು, ಕೂಲಿ ಮಾಡುವ ತಂದೆಯರು. ಒಂದು ದಿನದ ಕೂಲಿ ಕಳೆದುಕೊಳ್ಳದೆ ಅವರು ಬರುವ ಹೊತ್ತಿಗೆ ಸಭೆ ಇಡಿಸಿದರೆ, ಖಾಲಿ ಹುದ್ದೆಯ ಬಗ್ಗೆ ಬಿಇಒ ಕಚೇರಿಗೆ ಬರೆದು ಬೆನ್ನು ಹತ್ತಿದರೆ, ನೀರಿನ ಪೈಪು ಯಾಕೆ ಒಡೆದಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದರೆ, ಅಷ್ಟು ಸಾಕು. ಅವರು ಕೇಳಿದಾಗ ‘ನಾಳೆ ಬಾಮ್ಮ’ ಅನ್ನುವ ಗುಮಾಸ್ತ ನೀವು ಕೇಳಿದಾಗ ಕುರ್ಚಿ ಎಳೆದುಕೊಡ್ತಾನೆ. ಈ ಅಸಮಾನತೆ ಅಸಹ್ಯವೇ. ಆದರೆ ಅದನ್ನು ಐವತ್ತು ಮಕ್ಕಳ ಉಪಯೋಗಕ್ಕೆ ಬಳಸೋದು, ಪ್ರೈವೇಟ್ ಅಡ್ಮಿಷನ್ನಿನ ಶಿಫಾರಸಿಗೆ ಬಳಸೋದಕ್ಕಿಂತ ಎಷ್ಟೋ ವಾಸಿ.

ಹಾಗಂತ ಎಲ್ಲ ಸಣ್ಣ ಶಾಲೆಗೂ ಹೂಂ ಅನ್ನಬೇಡಿ. ಫ್ಲ್ಯಾಟಿಗೆ ಬುಕಿಂಗ್ ಅಡ್ವಾನ್ಸ್ ಕೊಡುವ ಮುಂಚೆ ಒಂದು ಬುಧವಾರ ಅರ್ಧ ದಿನ ರಜೆ ಹಾಕಿ, ಮುಖ್ಯ ಶಿಕ್ಷಕರ ಅನುಮತಿ ಕೇಳಿ ಒಳಗೆ ಹೋಗಿ. ಕಾಯಂ ಶಿಕ್ಷಕರು ಎಷ್ಟು, ಅತಿಥಿ ಶಿಕ್ಷಕರು ಎಷ್ಟು ಅಂತ ಕೇಳಿ. ಮೂರನೇ ತರಗತಿಯ ಮಗುವಿನ ಕೈಗೆ ಅದು ನೋಡಿರದ ಒಂದು ಪುಟ ಕೊಟ್ಟು ಓದಿಸಿ. ಶೌಚಾಲಯಕ್ಕೆ ಬೀಗ ಇದೆಯಾ, ನಲ್ಲಿಯಲ್ಲಿ ನೀರಿದೆಯಾ ನೋಡಿ. ಬಿಸಿಯೂಟದ ಹೊತ್ತಿನವರೆಗೆ ಇದ್ದು, ಆ ಸಾರಿನ ರುಚಿ ನೋಡಿ. ಮಕ್ಕಳು ಮೇಷ್ಟ್ರನ್ನು ಕಂಡರೆ ಹತ್ತಿರ ಹೋಗ್ತಾರಾ, ದೂರ ಸರೀತಾರಾ ಗಮನಿಸಿ. ನಿಮ್ಮ ಮನೆಯಿಂದ ಅಲ್ಲಿಗೆ ಮಗು ನಡೆದು ಹೋಗೋಕೆ ಎಷ್ಟು ಸಲ ರಸ್ತೆ ದಾಟಬೇಕು ಎಣಿಸಿ. ಒಬ್ಬರೇ ಶಿಕ್ಷಕರಿದ್ದು ಇನ್ನೊಬ್ಬರು ಬರುವ ಸುಳಿವೇ ಇಲ್ಲದಿದ್ದರೆ, ಮೂರನೇ ತರಗತಿಯ ಮಗು ಓದಲು ತಡವರಿಸಿದರೆ, ಧೈರ್ಯವಾಗಿ ಬೇಡ ಅನ್ನಿ. ಇದೇ ಪರೀಕ್ಷೆಯನ್ನು ಆ ಇಂಟರ್‌ನ್ಯಾಷನಲ್ ಶಾಲೆಗೂ ಮಾಡಿ. ಅಲ್ಲಿ ರಿಸೆಪ್ಷನ್ ದಾಟಿ ತರಗತಿಯೊಳಗೆ ಬಿಟ್ಟರೆ ನಿಮ್ಮ ಪುಣ್ಯ. ಮಗುವನ್ನೂ ಅಪ್ಪ ಅಮ್ಮನನ್ನೂ ಸಂದರ್ಶನ ಮಾಡಿ ಸೀಟು ಕೊಡೋದು ಕಾಯ್ದೆಯ 13ನೇ ಕಲಮಿನ ಪ್ರಕಾರ ಅಪರಾಧ ಅಂತಲೂ ಅವರಿಗೆ ನೆನಪಿಸಬಹುದು.

ಎಲ್ಲ ನೋಡಿ ಬಂದ ಮೇಲೆ ‘ಬೇಡ’ ಅಂದರೆ ಅದು ನಿಜವಾದ ಆಯ್ಕೆ. ಅದಕ್ಕೆ ಯಾರೂ ನಿಮ್ಮನ್ನು ದೂರುವ ಹಾಗಿಲ್ಲ, ನಾನಂತೂ ದೂರೋದಿಲ್ಲ. ನೋಡದೆ ಬೇಡ ಅಂದವರು ಮಾತ್ರ ‘ಸರ್ಕಾರಿ ಶಾಲೆ ಹಾಳಾಗಿದೆ’ ಅಂತ ಭಾಷಣ ಮಾಡಬಾರದು.

ಹೆಚ್ಚು ಕಾಲ ಯೋಚಿಸುವ ಹಾಗೂ ಇಲ್ಲ. ಮಕ್ಕಳ ಸಂಖ್ಯೆ ಇಳಿದಾಗ ಸಣ್ಣ ಶಾಲೆಯನ್ನು ದೊಡ್ಡದರ ಜೊತೆ ವಿಲೀನ ಮಾಡುವ ಮಾತು ಪ್ರತಿ ಸರ್ಕಾರದಲ್ಲೂ ಏಳುತ್ತೆ. ಒಮ್ಮೆ ಬೀಗ ಬಿದ್ದ ಶಾಲೆ ಮತ್ತೆ ತೆರೆಯೋದು ಅಪರೂಪ, ಹೊರವಲಯದಲ್ಲಿ ಶಾಲೆಯ ಅರ್ಧ ಎಕರೆ ಜಾಗದ ಬೆಲೆ ಏನು ಅಂತ ಎಲ್ಲರಿಗೂ ಗೊತ್ತಿದೆ. ಆ ಜಾಗದಲ್ಲಿ ನಾಳೆ ಏನು ಬಂದರೂ, ಕೂಲಿಗೆ ಹೋಗುವ ಮನೆಯ ಆರು ವರ್ಷದ ಹುಡುಗಿ ನಡೆದು ಹೋಗಬಲ್ಲ ಶಾಲೆ ಮಾತ್ರ ಬರೋದಿಲ್ಲ. ಖಾಸಗಿ ಶಾಲೆಗಳು ಮುಂದಿನ ವರ್ಷದ ಸೀಟನ್ನು ದೀಪಾವಳಿ ಹೊತ್ತಿಗೇ ಮಾರಲು ಶುರು ಮಾಡ್ತವೆ. ಸರ್ಕಾರಿ ಶಾಲೆಯ ದಾಖಲಾತಿ ಆಂದೋಲನ ನ‌ಡೆಯೋದು ಬೇಸಿಗೆ ರಜೆ ಮುಗಿಯುವ ಹೊತ್ತಿಗೆ. ಮೇಷ್ಟ್ರು, ಮೇಡಂ ಬಿಸಿಲಲ್ಲಿ ಮನೆ ಮನೆಗೆ ಹೋಗಿ ‘ಮಕ್ಕಳನ್ನು ನಮ್ಮ ಶಾಲೆಗೆ ಸೇರಿಸಿ’ ಅಂತ ಕೇಳ್ತಾರೆ. ಹಳೆ ಊರಿನ ಹೆಂಚಿನ ಮನೆ, ಶೀಟಿನ ಮನೆ, ಬಾಡಿಗೆ ವಠಾರ, ಎಲ್ಲ ಕಡೆ ಹೋಗ್ತಾರೆ. ಅಪಾರ್ಟ್‌ಮೆಂಟಿನ ಗೇಟಿನೊಳಗೆ ಅವರು ಬರೋದಿಲ್ಲ, ಬರೋಕೆ ನಾವು ಬಿಡೋದೂ ಇಲ್ಲ. ಈ ಸಲ ಅಸೋಸಿಯೇಷನ್ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿ ಅವರನ್ನು ಕ್ಲಬ್‌ಹೌಸಿಗೆ ಕರೆಸಿ, ಹತ್ತು ನಿಮಿಷ ಮಾತಾಡೋಕೆ ಬಿಡಿ. ಡಿಟಿಎಚ್ ಮಾರುವವರಿಗೆ, ಸೋಲಾರ್ ಮಾರುವವರಿಗೆ ಅಷ್ಟು ಹೊತ್ತು ಕೊಟ್ಟೇ ಕೊಡ್ತೀವಲ್ಲ.